ಮೈಗೆ ಧರಿಸುವ ಟೆನ್ಸ್ ಸಾಧನ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆನ್ಸ್ ಅಂದರೆ ಏನು?

ಚರ್ಮದ ಮೇಲೆ ಎರಡು ಪ್ಯಾಡ್ ಅಂಟಿಸಿ, ಅವುಗಳ ನಡುವೆ ಚಿಕ್ಕ ಚಿಕ್ಕ ವಿದ್ಯುತ್ ಮಿಡಿತಗಳನ್ನು ಹರಿಸಿ, ಒಳಗಿನ ನರಗಳನ್ನು ಎಚ್ಚರಿಸುವ ವಿಧಾನ ಇದು. ಟ್ರಾನ್ಸ್‌ಕ್ಯುಟೇನಿಯಸ್ ಎಲೆಕ್ಟ್ರಿಕಲ್ ನರ್ವ್ ಸ್ಟಿಮ್ಯುಲೇಷನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು ಸೇರಿ ಟೆನ್ಸ್ ಆಗಿದೆ. ಹಳೆಯ ಮಾದರಿಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಡಬ್ಬಿಯೊಂದು, ಅದರಿಂದ ಹೊರಡುವ ನಾಲ್ಕು ತಂತಿ. ಮೈಗೆ ಧರಿಸುವ ಮಾದರಿಯಲ್ಲಿ ಡಬ್ಬಿ ಬಟನ್‌ನಷ್ಟು ಚಿಕ್ಕದಾಗಿ ಪ್ಯಾಡಿನ ಬೆನ್ನಿಗೇ ಕೂತಿರುತ್ತದೆ, ಇಲ್ಲವೇ ಪಟ್ಟಿಯೊಳಗೆ ಅಡಗಿರುತ್ತದೆ. ನಿಯಂತ್ರಣ ಫೋನಿನ ಆ್ಯಪ್‌ನಲ್ಲಿ. ಹೊರಗಿನ ರೂಪ ಬದಲಾಗಿದೆ, ಒಳಗೆ ಹರಿಯುವ ಮಿಡಿತ ಬಹುಮಟ್ಟಿಗೆ ಅದೇ.

ಕರೆಂಟ್ ಹರಿಸಿದರೆ ನೋವು ಯಾಕೆ ಕಡಿಮೆಯಾಗಬೇಕು?

ಮೊಣಕೈ ಬಾಗಿಲಿಗೆ ಬಡಿದರೆ ಯಾರೂ ಹೇಳಿಕೊಡದಿದ್ದರೂ ಇನ್ನೊಂದು ಕೈ ಹೋಗಿ ಅಲ್ಲಿ ಉಜ್ಜುತ್ತದೆ, ನೋವು ಸ್ವಲ್ಪ ತಗ್ಗುತ್ತದೆ. ಸ್ಪರ್ಶವನ್ನು ಒಯ್ಯುವ ನರತಂತುಗಳು ದಪ್ಪ, ಅವುಗಳಲ್ಲಿ ಸಂದೇಶ ವೇಗವಾಗಿ ಓಡುತ್ತದೆ. ನೋವನ್ನು ಒಯ್ಯುವವು ತೆಳು, ನಿಧಾನ. ಎರಡೂ ಬೆನ್ನುಹುರಿಯ ಹಿಂಭಾಗದಲ್ಲಿ ಬಂದು ಸೇರುವ ಕಡೆ ಒಂದು ಗೇಟು ಇದೆ ಎಂದುಕೊಳ್ಳಿ. ದಪ್ಪ ತಂತುಗಳಲ್ಲಿ ಸಂಚಾರ ಜೋರಾದರೆ ತೆಳು ತಂತುಗಳ ಪಾಲಿಗೆ ಆ ಗೇಟು ಅರ್ಧ ಮುಚ್ಚುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟ ಗೇಟ್ ಸಿದ್ಧಾಂತ ಇದೇ. ಎರಡು ವರ್ಷ ಕಳೆದು ವಾಲ್ ಮತ್ತು ನರಶಸ್ತ್ರಚಿಕಿತ್ಸಕ ವಿಲಿಯಂ ಸ್ವೀಟ್ ಮೊದಲು ತಮ್ಮ ಮುಖದ ನರಗಳ ಮೇಲೆಯೇ ವಿದ್ಯುತ್ ಹಾಯಿಸಿ ನೋಡಿಕೊಂಡು, ಆಮೇಲೆ ರೋಗಿಗಳ ಮೇಲೆ ಪ್ರಯೋಗಿಸಿದರು.

ಇನ್ನೊಂದು ದಾರಿಯೂ ಇದೆ. ಮಿಡಿತಗಳು ಮಿದುಳು ಮತ್ತು ಬೆನ್ನುಹುರಿಯಲ್ಲಿ ದೇಹದ್ದೇ ನೋವುನಿವಾರಕಗಳನ್ನು, ಅಂದರೆ ಎಂಡಾರ್ಫಿನ್ ಬಗೆಯ ರಾಸಾಯನಿಕಗಳನ್ನು, ಬಿಡುಗಡೆ ಮಾಡಿಸುತ್ತವೆ. ಹಾಗಾಗಿ ಟೆನ್ಸ್ ಬಗ್ಗೆ ಹೇಳುವ "ಔಷಧಿರಹಿತ" ಎಂಬ ಮಾತು ಮಾತ್ರೆಯ ಮಟ್ಟಿಗೆ ನಿಜ. ರಾಸಾಯನಿಕದ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ.

ಇದರಿಂದ ಕಾಯಿಲೆ ವಾಸಿಯಾಗುತ್ತದೆಯೇ?

ಇಲ್ಲ. ಸವೆದ ಮಂಡಿ ಸವೆದೇ ಇರುತ್ತದೆ, ಜಾರಿದ ಡಿಸ್ಕ್ ಜಾರಿಯೇ ಇರುತ್ತದೆ. ಸಿಗುವುದು ನೋವು ತಗ್ಗಿದ ಒಂದಷ್ಟು ಹೊತ್ತು. ಆ ಹೊತ್ತಿನಲ್ಲಿ ನಡೆದಾಡಿದರೆ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ಸಾಧನ ಕೊಂಡದ್ದು ಸಾರ್ಥಕ. ಪ್ಯಾಡ್ ಅಂಟಿಸಿಕೊಂಡು ಸೋಫಾದಲ್ಲಿ ಒರಗಿಬಿಟ್ಟರೆ ಅದರ ಅರ್ಧ ಉಪಯೋಗ ಅಲ್ಲೇ ಹೋಯಿತು.

ಯಾವ ನೋವಿಗೆ ಆಗುತ್ತದೆ? ಪುರಾವೆ ಏನು ಹೇಳುತ್ತದೆ?

ಮುಟ್ಟಿನ ಹೊಟ್ಟೆನೋವು, ಮಂಡಿನೋವು, ಶಸ್ತ್ರಚಿಕಿತ್ಸೆಯ ನಂತರದ ನೋವು, ಸ್ನಾಯುಗಳ ನೋವು, ಫೈಬ್ರೋಮಯಾಲ್ಜಿಯಾ (ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ), ಇವುಗಳಿಗೆ ಇದನ್ನು ಹೆಚ್ಚಾಗಿ ಬಳಸುತ್ತಾರೆ. ಪುರಾವೆಯ ಮಾತು ಬಂದಾಗ ತಜ್ಞರಲ್ಲೇ ಒಮ್ಮತವಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. 381 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಟೆನ್ಸ್ ಚಾಲೂ ಇರುವಾಗ ಮತ್ತು ನಿಲ್ಲಿಸಿದ ಕೂಡಲೇ ನೋವಿನ ತೀವ್ರತೆ ಹುಸಿ ಸಾಧನ (ಹೋಲಿಕೆಗೆಂದು ಹಾಕುವ, ನಿಜವಾದ ಚಿಕಿತ್ಸೆ ಕೊಡದ ಸಾಧನ) ಹಾಕಿದಾಗಿಗಿಂತ ಕಡಿಮೆ ಇರುತ್ತದೆ. ಆದರೆ ಚಿಕಿತ್ಸೆಗಳ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟನೋವಿಗೆ ಟೆನ್ಸ್ ಕೊಡಬೇಡಿ ಎಂದು 2016ರಲ್ಲಿ, ಸ್ಪಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗೂ ಬೇಡ ಎಂದು 2021ರಲ್ಲಿ ಹೇಳಿತು. ಅದರ ಮರುವರ್ಷವೇ ಔಷಧಿ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಸಂಸ್ಥೆ ಮೀನಖಂಡಕ್ಕೆ ಕಟ್ಟುವ ಕ್ವೆಲ್ ಸಾಧನಕ್ಕೆ ಫೈಬ್ರೋಮಯಾಲ್ಜಿಯಾ ಲಕ್ಷಣಗಳ ಚಿಕಿತ್ಸೆಗೆ ನೆರವಾಗುವ ಸಾಧನವೆಂದು ಅನುಮತಿ ಕೊಟ್ಟಿತು.

ಈ ಭಿನ್ನಾಭಿಪ್ರಾಯದ ಹಿಂದೆ ಒಂದು ತಾಂತ್ರಿಕ ಕಾರಣವೂ ಇದೆ. ಹಲವು ಹಳೆಯ ಪ್ರಯೋಗಗಳಲ್ಲಿ ಕರೆಂಟನ್ನು ಬರೀ ಗೊತ್ತಾಗುವಷ್ಟೇ ಇಟ್ಟಿದ್ದರು. ಇನ್ನು ಕೆಲವು ಪ್ರಯೋಗಗಳಲ್ಲಿ ಸಾಧನ ತೆಗೆದು ಎಷ್ಟೋ ಹೊತ್ತಾದ ಮೇಲೆ ನೋವನ್ನು ಅಳೆದರು. ಮಾತ್ರೆಯ ಕಾಲು ಭಾಗ ನುಂಗಿಸಿ, ಮರುದಿನ ಬಂದು ತಲೆನೋವು ಹೋಯಿತೇ ಎಂದು ಕೇಳಿದ ಹಾಗೆ.

ಹರ್ಟ್ಜ್, ಮೈಕ್ರೋಸೆಕೆಂಡ್, ಮಿಲಿಆಂಪಿಯರ್: ಯಾವುದು ಏನು?

ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ. 80ರಿಂದ 100 ಹರ್ಟ್ಜ್‌ನಲ್ಲಿ ಜೇನುನೊಣದ ಝೇಂಕಾರದಂಥ ನಿರಂತರ ಜುಮುಜುಮು. 2ರಿಂದ 4 ಹರ್ಟ್ಜ್‌ನಲ್ಲಿ ಒಂದೊಂದೇ ತಟ್ಟು, ಜೊತೆಗೆ ಸ್ನಾಯು ಸಣ್ಣಗೆ ಕುಪ್ಪಳಿಸುತ್ತದೆ. ಮೈಕ್ರೋಸೆಕೆಂಡ್ ಅಂದರೆ ಒಂದು ಮಿಡಿತ ಎಷ್ಟು ಹೊತ್ತು ಇರುತ್ತದೆ ಎಂಬುದು. ಟೆನ್ಸ್‌ನಲ್ಲಿ ಸಾಮಾನ್ಯವಾಗಿ 50ರಿಂದ 250. ಇದು ಹೆಚ್ಚಿದಷ್ಟೂ ಸ್ನಾಯು ಎಳೆಯುವ ಸಾಧ್ಯತೆ ಹೆಚ್ಚು. ಮಿಲಿಆಂಪಿಯರ್ ಕರೆಂಟಿನ ಜೋರು, ಪ್ಲಸ್ ಬಟನ್ ಒತ್ತಿದಾಗ ಏರುವುದು ಇದು.

ಹೊಸಬರು 100 ಹರ್ಟ್ಜ್, 100ರಿಂದ 200 ಮೈಕ್ರೋಸೆಕೆಂಡ್‌ನಿಂದ ಶುರು ಮಾಡುವುದು ಸುಲಭ. ಆ್ಯಪ್‌ನಲ್ಲಿ "ಮಸಾಜ್", "ಡೀಪ್ ರಿಲೀಫ್" ಎಂಬ ಹೆಸರುಗಳು ಮಾತ್ರ ಇದ್ದು ಅಂಕಿ ಇಲ್ಲದಿದ್ದರೆ ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಿ. ಅಲ್ಲೂ ಇಲ್ಲದ ಸಾಧನ ನಮ್ಮ ಪ್ರಕಾರ ಕೊಳ್ಳತಕ್ಕದ್ದಲ್ಲ.

ಎಷ್ಟು ಜೋರಾಗಿ ಇಡಬೇಕು?

ಟೆನ್ಸ್‌ನಿಂದ ಏನೂ ಆಗಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಎಡವಿರುವುದು ಇಲ್ಲೇ. ಸೊನ್ನೆಯಿಂದ ಒಂದೊಂದೇ ಹೆಜ್ಜೆ ಏರಿಸಿ. ಮೊದಲು ಏನೂ ಗೊತ್ತಾಗುವುದಿಲ್ಲ, ಆಮೇಲೆ ಇರುವೆ ಹರಿದಂತೆ, ನಂತರ ಗಟ್ಟಿಯಾದ ಜುಮುಜುಮು. ಇರುವೆ ಹರಿದಲ್ಲಿಗೇ ನಿಲ್ಲಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಇನ್ನೂ ಏರಿಸಿ, "ಇನ್ನೊಂದು ಹೆಜ್ಜೆ ಹೋದರೆ ಹಿತವಾಗಿರುವುದಿಲ್ಲ" ಅನ್ನಿಸುವ ತನಕ ಹೋಗಿ, ಅಲ್ಲಿಂದ ಒಂದು ಹೆಜ್ಜೆ ಇಳಿಯಿರಿ. ಜೋರಾಗಿರಬೇಕು, ಆದರೆ ಹಲ್ಲು ಕಚ್ಚಿ ತಡೆದುಕೊಳ್ಳುವಂತಿರಬಾರದು.

ಐದು ಹತ್ತು ನಿಮಿಷದಲ್ಲಿ ಜುಮುಜುಮು ಮಂಕಾಗುತ್ತದೆ. ಸಾಧನ ಕೆಟ್ಟಿಲ್ಲ, ನರ ಆ ಮಿಡಿತಕ್ಕೆ ಒಗ್ಗಿಕೊಂಡಿದೆ, ಅಷ್ಟೆ. ಮತ್ತೆ ಒಂದೆರಡು ಹೆಜ್ಜೆ ಏರಿಸಿ.

ಪ್ಯಾಡ್ ಎಲ್ಲಿ ಅಂಟಿಸಬೇಕು?

ನೋವಿನ ಜಾಗ ಎರಡು ಪ್ಯಾಡುಗಳ ನಡುವೆ ಬರುವಂತೆ. ಪ್ಯಾಡಿನ ಅಂಚಿನಿಂದ ಅಂಚಿಗೆ ಕನಿಷ್ಠ 2.5 ಸೆಂ.ಮೀ. ಅಂತರ ಇರಲಿ. ತೀರಾ ಹತ್ತಿರವಾದರೆ ಕರೆಂಟ್ ಚರ್ಮದ ಮೇಲ್ಪದರದಲ್ಲೇ ದಾಟಿಬಿಡುತ್ತದೆ, ಆಳಕ್ಕೆ ಇಳಿಯುವುದಿಲ್ಲ.

ಮಂಡಿಗೆ ಹಾಕುವುದನ್ನೇ ನೋಡಿ. ಕುರ್ಚಿಯ ಮೇಲೆ ಕೂತು ಮಂಡಿಯನ್ನು ಸ್ವಲ್ಪ ಮಡಿಸಿಕೊಳ್ಳಿ. ಕಾಲು ನೀಟಾಗಿ ಚಾಚಿ ಅಂಟಿಸಿದರೆ ಎದ್ದು ಕೂರುವಾಗ ಚರ್ಮ ಎಳೆದು ಪ್ಯಾಡಿನ ಅಂಚು ಕಿತ್ತುಬರುತ್ತದೆ. ಚಿಪ್ಪಿನ ಮೇಲೆ ಅಂಟಿಸಬೇಡಿ, ಅಲ್ಲಿ ಚರ್ಮದ ಕೆಳಗೆ ಬರೀ ಮೂಳೆ. ಎರಡೇ ಪ್ಯಾಡ್ ಇದ್ದರೆ ಚಿಪ್ಪಿನ ಒಳಬದಿಗೆ ಒಂದು, ಹೊರಬದಿಗೆ ಒಂದು. ನಾಲ್ಕಿದ್ದರೆ ಚಿಪ್ಪಿಗಿಂತ ಮೇಲ್ಗಡೆ, ತೊಡೆಯ ತುದಿಯಲ್ಲಿ ಎರಡು, ಚಿಪ್ಪಿನ ಕೆಳಗಡೆ ಎರಡು. ಮೇಲಿನ ಒಳಬದಿಯದು ಕೆಳಗಿನ ಹೊರಬದಿಯದಕ್ಕೆ ಜೋಡಿ, ಇನ್ನೆರಡು ಇನ್ನೊಂದು ಜೋಡಿ. ಎರಡು ಹಾದಿಗಳು ಕೀಲಿನ ನಡುವೆ ಕತ್ತರಿಯಂತೆ ದಾಟುತ್ತವೆ.

ಸೊಂಟಕ್ಕಾದರೆ ಬೆನ್ನೆಲುಬಿನ ಎಡಕ್ಕೂ ಬಲಕ್ಕೂ, ನಡುಗೆರೆಯಿಂದ ಎರಡು ಮೂರು ಸೆಂ.ಮೀ. ದೂರ, ಮೂಳೆಯ ಮೇಲಲ್ಲ, ಸ್ನಾಯುವಿನ ಮೇಲೆ. ಕಾಲಿಗಿಳಿಯುವ ನೋವಾದರೆ ಒಂದನ್ನು ಸೊಂಟದಲ್ಲಿ, ಇನ್ನೊಂದನ್ನು ನೋವಿನ ಹಾದಿಯ ಮೇಲೆ ಪಿರ್ರೆಯಲ್ಲಿ. ಮುಟ್ಟಿನ ನೋವಿಗೆ ಹೊಕ್ಕುಳ ಕೆಳಗೆ ಕಿಬ್ಬೊಟ್ಟೆಯಲ್ಲಿ ಅಥವಾ ಸೊಂಟದ ಕೆಳಭಾಗದಲ್ಲಿ, ಗರ್ಭ ನಿಂತಿಲ್ಲ ಎಂಬುದು ಖಚಿತವಿದ್ದರೆ ಮಾತ್ರ. ಮೊದಲ ಸಲಕ್ಕೇ ಸರಿಯಾದ ಜಾಗ ಸಿಗಬೇಕೆಂದಿಲ್ಲ. ಎರಡು ಸೆಂ.ಮೀ. ಆಚೀಚೆ ಸರಿಸಿ ನೋಡಿ, ಕೆಲವೊಮ್ಮೆ ಅಷ್ಟರಲ್ಲೇ ಎಲ್ಲ ಬದಲಾಗುತ್ತದೆ.

ಚರ್ಮ ಹೇಗಿರಬೇಕು?

ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಮುಲಾಮು, ಪೌಡರ್ ಯಾವುದೂ ಬೇಡ. ಕೂದಲು ದಟ್ಟವಾಗಿದ್ದರೆ ಕತ್ತರಿಯಿಂದ ಸಣ್ಣಗೆ ಕತ್ತರಿಸಿ. ಬ್ಲೇಡು ಆಡಿಸಿದ ಕೂಡಲೇ ಪ್ಯಾಡ್ ಹಾಕಿದರೆ ಕಣ್ಣಿಗೆ ಕಾಣದ ಗೀರುಗಳಲ್ಲಿ ಕರೆಂಟ್ ಚುಚ್ಚುತ್ತದೆ.

ಚುರ್ ಎಂದು ಚುಚ್ಚುತ್ತದೆ. ಏನು ತಪ್ಪಾಗಿದೆ?

ನೂರಕ್ಕೆ ನೂರಲ್ಲದಿದ್ದರೂ ಬಹುಪಾಲು ಪ್ಯಾಡಿನದ್ದೇ ತಪ್ಪು. ಲೆಕ್ಕ ಸರಳ. 5×5 ಸೆಂ.ಮೀ. ಪ್ಯಾಡಿಗೆ 25 ಚದರ ಸೆಂ.ಮೀ. ಹರವು. ಅರ್ಧ ಕಿತ್ತುಬಂದರೆ ಉಳಿಯುವುದು ಹನ್ನೆರಡೂವರೆ. ಒಳ್ಳೆಯ ಸಾಧನ ಕರೆಂಟನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳಲು ನೋಡುತ್ತದೆ. ಹಾಗಾಗಿ ಅಷ್ಟೇ ಕರೆಂಟ್ ಅರ್ಧ ಜಾಗದಲ್ಲಿ ನುಗ್ಗಿ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಹೊರೆ ಎರಡರಷ್ಟಾಗುತ್ತದೆ. ಜೆಲ್ ಅಲ್ಲಲ್ಲಿ ಒಣಗಿದರೂ ಇದೇ ಕಥೆ.

ಮೊದಲು ಸಾಧನ ಆಫ್ ಮಾಡಿ. ಚಾಲೂ ಇರುವಾಗ ಪ್ಯಾಡ್ ಕೀಳಲು ಹೋದರೆ ಕೊನೆಯ ಮೂಲೆಯಲ್ಲಿ ಸರಿಯಾಗಿ ಹೊಡೆಸಿಕೊಳ್ಳುತ್ತೀರಿ. ಆಮೇಲೆ ಪ್ಯಾಡನ್ನು ಬೆಳಕಿಗೆ ಹಿಡಿದು ಜೆಲ್ ನೋಡಿ. ಬಿಳಿಚಿಕೊಂಡಿದ್ದರೆ, ಕೂದಲು ಮತ್ತು ಸತ್ತ ಚರ್ಮ ಮೆತ್ತಿಕೊಂಡಿದ್ದರೆ ಬೆರಳ ತುದಿಯಿಂದ ಒಂದೆರಡು ಹನಿ ನೀರು ಸವರಿ ಒಂದೆರಡು ನಿಮಿಷ ಬಿಡಿ. ಮತ್ತೆ ಅಂಟಿನ ಗುಣ ಬಂದರೆ ಸರಿ, ಇಲ್ಲವಾದರೆ ಬಿಸಾಡಿ.

ಒಂದು ಪ್ಯಾಡಿನಡಿ ಮಾತ್ರ ಜುಮ್ ಅನ್ನುತ್ತದೆ, ಇನ್ನೊಂದರಲ್ಲಿ ಇಲ್ಲ. ಯಾಕೆ?

ಎರಡೂ ಪ್ಯಾಡಿನಲ್ಲಿ ಹರಿಯುವುದು ಒಂದೇ ಕರೆಂಟ್. ಆದರೆ ಒಂದರ ಕೆಳಗೆ ನರ ಹತ್ತಿರವಿದ್ದು, ಇನ್ನೊಂದರ ಕೆಳಗೆ ಕೊಬ್ಬಿನ ಪದರ ದಪ್ಪವಿದ್ದರೆ ವ್ಯತ್ಯಾಸ ತಿಳಿಯುತ್ತದೆ. ಪ್ಯಾಡುಗಳನ್ನು ಅದಲುಬದಲು ಮಾಡಿ ನೋಡಿ. ಮಂಕು ಅದೇ ಜಾಗದಲ್ಲೇ ಉಳಿದರೆ ಜಾಗದ್ದು, ಪ್ಯಾಡಿನ ಜೊತೆ ಹೋದರೆ ಪ್ಯಾಡಿನದ್ದು. ಎರಡೂ ಕಡೆ ಏನೂ ಇಲ್ಲದಿದ್ದರೆ ಸಂಪರ್ಕ ಎಲ್ಲೋ ತಪ್ಪಿದೆ: ಸ್ನ್ಯಾಪ್ ಬಟನ್ "ಟಕ್" ಎಂದು ಕೂತಿಲ್ಲ, ತಂತಿ ಪಿನ್ನಿನ ಬುಡದಲ್ಲಿ ತುಂಡಾಗಿದೆ, ಇಲ್ಲವೇ ಬ್ಯಾಟರಿ ಇಳಿದಿದೆ. ಆಫ್ ಮಾಡದೆ ಇವನ್ನು ಪರೀಕ್ಷಿಸಬೇಡಿ. ಜೋರು ಮೇಲಿದ್ದಾಗ ಸಂಪರ್ಕ ಹಠಾತ್ತನೆ ಕೂಡಿದರೆ ಎಗರಿ ಬೀಳುವಂತಾಗುತ್ತದೆ.

ದಿನಕ್ಕೆ ಎಷ್ಟು ಹೊತ್ತು?

ಒಂದು ಸಲಕ್ಕೆ 30ರಿಂದ 60 ನಿಮಿಷ ಸಾಮಾನ್ಯ. ಮೊದಲ ದಿನ 15ರಿಂದ 20 ನಿಮಿಷ ಹಾಕಿ, ತೆಗೆದು, ಚರ್ಮ ನೋಡಿಕೊಳ್ಳಿ. ಆಮೇಲೆ ದಿನಕ್ಕೆ ಎರಡು ಮೂರು ಸಲ ಹಾಕಬಹುದು. ಪರಿಣಾಮ ಬಹುಮಟ್ಟಿಗೆ ಸಾಧನ ಓಡುವಾಗ ಮತ್ತು ಆಮೇಲೆ ಸ್ವಲ್ಪ ಹೊತ್ತು ಇರುತ್ತದೆ, ಆದ್ದರಿಂದ ನೋವು ಬರುವ ಕೆಲಸದ ಹೊತ್ತಿಗೆ ಹೊಂದಿಸಿಕೊಳ್ಳಿ. ಮೆಟ್ಟಿಲು ಹತ್ತಿ ಇಳಿಯುವುದಿದ್ದರೆ ಹತ್ತುವ ಮುಂಚೆ, ಇಳಿದ ಮೇಲಲ್ಲ.

ಮೊದಲ ವಾರ ಚೆನ್ನಾಗಿತ್ತು, ಈಗ ಕೆಲಸ ಮಾಡುತ್ತಿಲ್ಲ. ಯಾಕೆ?

ಪ್ಯಾಡ್ ಹಳೆಯದಾಗಿದೆಯೇ ನೋಡಿ. ಅದು ಸರಿಯಿದ್ದರೆ ದೇಹ ಒಗ್ಗಿಕೊಂಡಿರಬಹುದು. ದಿನವೂ ಅದೇ ಹರ್ಟ್ಜ್, ಅದೇ ಜೋರು ಇಟ್ಟರೆ ಕೆಲವೇ ದಿನಗಳಲ್ಲಿ ಪರಿಣಾಮ ಇಳಿಯುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಒಂದು ದಿನ 100 ಹರ್ಟ್ಜ್, ಮರುದಿನ 4 ಹರ್ಟ್ಜ್ ಹೀಗೆ ಬದಲಿಸುವುದು, ಇಲ್ಲವೇ ಎರಡನ್ನೂ ಬೆರೆಸುವ ಮೋಡ್ ಬಳಸುವುದು ಇದನ್ನು ಮುಂದೂಡುತ್ತದೆ. ನಡುವೆ ಒಂದೆರಡು ದಿನ ಬಿಡುವು ಕೊಡುವುದೂ ಒಳ್ಳೆಯದು.

ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಜೊತೆಗೆ ಬಳಸಬಹುದೇ?

ಬಳಸಬಹುದು, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾರ್ಫಿನ್ ಬಗೆಯ ಔಷಧಿಯನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರಿಗೆ ಕಡಿಮೆ ಹರ್ಟ್ಜ್ ಅಷ್ಟಾಗಿ ಹತ್ತುವುದಿಲ್ಲ. ಕಡಿಮೆ ಹರ್ಟ್ಜ್ ಕೆಲಸ ಮಾಡುವುದು ನರಕೋಶಗಳ ಮೇಲಿರುವ ಮ್ಯೂ ಎಂಬ ಗ್ರಾಹಕಗಳ (ರಾಸಾಯನಿಕ ಬಂದು ಕೂರುವ ಜಾಗಗಳ) ಮೂಲಕ, ಮಾರ್ಫಿನ್ ಕೂರುವುದೂ ಅಲ್ಲೇ. ಅಂಥವರು ಹೆಚ್ಚಿನ ಹರ್ಟ್ಜ್‌ಗೆ ಹೋಗಬೇಕು.

ಯಾರು ಬಳಸಲೇಬಾರದು?

ಪೇಸ್‌ಮೇಕರ್, ಒಳಗೆ ಕೂರಿಸಿದ ಡಿಫಿಬ್ರಿಲೇಟರ್ (ಹೃದಯದ ಲಯ ತಪ್ಪಿದಾಗ ಷಾಕ್ ಕೊಡುವ ಸಾಧನ) ಅಥವಾ ಬೇರಾವುದೇ ವಿದ್ಯುತ್ ಸಾಧನ ಮೈಯೊಳಗೆ ಇರುವವರು ವೈದ್ಯರ ಅನುಮತಿಯಿಲ್ಲದೆ ಪ್ಯಾಕೆಟ್ಟನ್ನೇ ಬಿಚ್ಚಬಾರದು. ಟೆನ್ಸ್ ಮಿಡಿತವನ್ನು ಹೃದಯದ ಮಿಡಿತವೆಂದು ತಪ್ಪು ತಿಳಿದರೆ ಪೇಸ್‌ಮೇಕರ್ ಸುಮ್ಮನಾಗಬಹುದು, ಡಿಫಿಬ್ರಿಲೇಟರ್ ಬೇಡದ ಷಾಕ್ ಕೊಡಬಹುದು. ಗರ್ಭಿಣಿಯರು ಹೊಟ್ಟೆ, ಸೊಂಟಕ್ಕೆ ಹಾಕಬಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿದ್ದರೆ, ಗಡ್ಡೆಯ ಜಾಗದಲ್ಲಿ, ಇತ್ತೀಚೆಗೆ ರೇಡಿಯೇಷನ್ ಆದ ಚರ್ಮದ ಮೇಲೆ ಬೇಡ. ಅಪಸ್ಮಾರ ಇರುವವರು ತಲೆ, ಕುತ್ತಿಗೆಯ ಹತ್ತಿರ ತರಬಾರದು. ಕಾರಣವೇ ಗೊತ್ತಿಲ್ಲದ ಹೊಸ ನೋವಿಗೂ ಬೇಡ. ಎದೆನೋವನ್ನೋ ಅಪೆಂಡಿಕ್ಸಿನ ನೋವನ್ನೋ ಅದುಮಿಟ್ಟು ಕೂರುವುದು ಅಪಾಯ.

ಜಾಗಗಳಲ್ಲಿ ಕುತ್ತಿಗೆಯ ಮುಂಭಾಗ ಮತ್ತು ಪಕ್ಕ ಪೂರ್ತಿ ನಿಷಿದ್ಧ. ಅಲ್ಲಿರುವ ನರಗಳು ಕೆರಳಿದರೆ ರಕ್ತದೊತ್ತಡ ಕುಸಿಯಬಹುದು, ಗಂಟಲ ಸ್ನಾಯು ಬಿಗಿಯಬಹುದು. ಎದೆಯ ಮುಂದೊಂದು ಬೆನ್ನಿಗೊಂದು, ತಲೆಯ ಎರಡೂ ಬದಿಯ ಕಣತಲೆಗಳಿಗೆ ಒಂದೊಂದು, ಕಣ್ಣಿನ ಮೇಲೆ, ಗಾಯದ ಮೇಲೆ ಕೂಡದು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದೆ. ಹಾಕಬಹುದೇ?

ಚರ್ಮಕ್ಕೆ ಸ್ಪರ್ಶ ಗೊತ್ತಾಗುತ್ತಿದೆಯೇ ಎಂಬುದರ ಮೇಲೆ ಹೋಗುತ್ತದೆ. ಕಣ್ಣು ಮುಚ್ಚಿಕೊಂಡು, ಬೇರೆಯವರ ಕೈಯಲ್ಲಿ ಟೂತ್‌ಪಿಕ್‌ನ ಚೂಪು ತುದಿ ಮತ್ತು ಒಂದು ಹತ್ತಿ ಉಂಡೆಯನ್ನು ಹಿಂದುಮುಂದಾಗಿ ಹತ್ತು ಸಲ ಮೆಲ್ಲಗೆ ತಾಗಿಸಿಕೊಳ್ಳಿ. ಯಾವುದು ಯಾವುದೆಂದು ಹೇಳಲು ತಡವರಿಸಿದರೆ ಅಲ್ಲಿ ಹಾಕಬೇಡಿ. ಜೋರು ಎಷ್ಟಾಯಿತೆಂದು ಚರ್ಮ ಹೇಳದಿದ್ದರೆ ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ. ಸ್ಪರ್ಶ ಸರಿಯಿರುವ ಮೇಲ್ಭಾಗದಲ್ಲಿ ಹಾಕಬಹುದೇ ಎಂದು ವೈದ್ಯರನ್ನು ಕೇಳಿ.

ಕೀಲು ಬದಲಿಸಿ ಲೋಹ ಹಾಕಿದ್ದಾರೆ. ತೊಂದರೆಯೇ?

ಕೀಲಿನೊಳಗಿನ ಲೋಹ ಪೇಸ್‌ಮೇಕರಿನಂತಲ್ಲ. ಮಿಡಿತಗಳು ಎರಡೂ ದಿಕ್ಕಿಗೆ ಸಮನಾಗಿ ಹರಿಯುವುದರಿಂದ ಸಾಮಾನ್ಯವಾಗಿ ತೊಂದರೆಯಾಗದು, ಮಂಡಿ ಬದಲಿಸಿದವರಿಗೂ ಟೆನ್ಸ್ ಹಾಕುತ್ತಾರೆ. ತಂತಿ ಅಥವಾ ಸ್ಕ್ರೂ ಚರ್ಮಕ್ಕೆ ತೀರಾ ಹತ್ತಿರವಿದ್ದು ಅಲ್ಲಿ ವಿಚಿತ್ರ ಅನ್ನಿಸಿದರೆ ಪ್ಯಾಡ್ ಸರಿಸಿ. ಹೊಲಿಗೆ ಮಾಗುವ ತನಕ ಗಾಯದ ಮೇಲೆ ಬೇಡ.

ಪ್ಯಾಡ್ ತೆಗೆದಾಗ ಚರ್ಮ ಕೆಂಪಾಗಿದೆ.

ಪೂರ್ತಿ ಚೌಕಾಕಾರದಲ್ಲಿ ತಿಳಿ ಕೆಂಪಿದ್ದು ಒಂದೆರಡು ಗಂಟೆಯಲ್ಲಿ ಹೋದರೆ ಚಿಂತೆಯಿಲ್ಲ. ಚುಕ್ಕೆ ಚುಕ್ಕೆಯಾಗಿ ಗಾಢವಾಗಿದ್ದರೆ ಒಣಗಿದ ಜೆಲ್‌ನಿಂದಾದ ಸುಟ್ಟ ಗುರುತು. ಮರುದಿನವೂ ಉಳಿದು ತುರಿಸುತ್ತಾ ಗುಳ್ಳೆ ಎದ್ದರೆ ಜೆಲ್‌ನ ಅಂಟಿಗೆ ಅಲರ್ಜಿ. ವಾಸಿಯಾಗುವ ತನಕ ನಿಲ್ಲಿಸಿ, ಆಮೇಲೆ ಸೂಕ್ಷ್ಮ ಚರ್ಮಕ್ಕೆಂದೇ ಬರುವ ಪ್ಯಾಡ್ ಹುಡುಕಿ.

ಇಎಂಎಸ್ ಅಂದರೂ ಇದೇ ಅಲ್ಲವೇ?

ಅಲ್ಲ. ಇಎಂಎಸ್‌ನ ಗುರಿ ಸ್ನಾಯುವನ್ನು ಕುಗ್ಗಿಸಿ ಬಿಡುವುದು. ಅದಕ್ಕೆ ಮಿಡಿತ ಅಗಲ, ನಡುನಡುವೆ ವಿರಾಮ. ಟೆನ್ಸ್‌ನ ಗುರಿ ಸಂವೇದನೆಯ ನರ. ಎರಡೂ ಮೋಡ್ ಇರುವ ಸಾಧನಗಳಿವೆ. ನೋವಿಗೆಂದು ಹಾಕಿದಾಗ ಸ್ನಾಯು ಹಿಡಿದು ಬಿಟ್ಟು ಮಾಡುತ್ತಿದ್ದರೆ ಮೋಡ್ ಯಾವುದೆಂದು ನೋಡಿ.

ಮೈಗ್ರೇನಿಗೆ ಹಣೆಗೆ, ತೋಳಿಗೆ ಹಾಕುವ ಸಾಧನಗಳೂ ಟೆನ್ಸೇ?

ಹತ್ತಿರದ ಸಂಬಂಧಿಕರು. ಸೆಫಾಲಿ ಹಣೆಯ ಮೇಲೆ ಕೂತು ಮುಖದ ಸಂವೇದನೆ ಒಯ್ಯುವ ಟ್ರೈಜೆಮಿನಲ್ ನರದ ಕವಲನ್ನು ಎಚ್ಚರಿಸುತ್ತದೆ. ತಡೆಗಟ್ಟಲು ದಿನಕ್ಕೆ 20 ನಿಮಿಷ, ತಲೆನೋವು ಬಂದಾಗ 60 ನಿಮಿಷ. ಎಫ್‌ಡಿಎ ಇದಕ್ಕೆ ಮೊದಲು ಅನುಮತಿ ಕೊಟ್ಟದ್ದು 2014ರಲ್ಲಿ, ತಡೆಗಟ್ಟುವ ಬಳಕೆಗೆ. 2019ರಲ್ಲಿ ಅನುಮತಿ ಪಡೆದ ನೆರಿವಿಯೋವನ್ನು ಕಟ್ಟುವುದು ಮೇಲ್ತೋಳಿಗೆ, 45 ನಿಮಿಷ. ತಲೆನೋವಿಗೆ ತೋಳೇಕೆ ಎಂದರೆ, ಒಂದು ಕಡೆಯ ತೀಕ್ಷ್ಣ ಸಂವೇದನೆ ಮಿದುಳಿನ ಕಾಂಡದ ಮೂಲಕ ಬೇರೆ ಕಡೆಯ ನೋವನ್ನೂ ಅದುಮುತ್ತದೆ. ಇದನ್ನು ತಲೆನೋವು ಶುರುವಾದ ಒಂದು ಗಂಟೆಯೊಳಗೆ ಹಾಕಬೇಕು, ತಡಮಾಡಿದರೆ ಫಲ ಕಡಿಮೆ. ಸಾಮಾನ್ಯ ಟೆನ್ಸ್ ಪ್ಯಾಡನ್ನು ಹಣೆಗೆ ಅಂಟಿಸಿ ಸೆಫಾಲಿಯ ಕೆಲಸ ಮಾಡಿಸಲು ಹೋಗಬೇಡಿ.

ಮಲಗುವಾಗ, ಸ್ನಾನಕ್ಕೆ, ಗಾಡಿ ಓಡಿಸುವಾಗ?

ಸ್ನಾನ, ಈಜು ಎರಡಕ್ಕೂ ತೆಗೆಯಿರಿ. ಗಾಡಿ ಅಥವಾ ಯಂತ್ರ ಓಡಿಸುವಾಗ ಬೇಡ, ಪ್ಯಾಡ್ ಸರಿದು ಕಾಲು ಜಗ್ಗಿದರೆ ಬ್ರೇಕ್ ಮೇಲಿನ ಹಿಡಿತ ತಪ್ಪುತ್ತದೆ. ನಿದ್ದೆಯಲ್ಲಿ ಬಳಸಬಹುದೆಂದು ಕೈಪಿಡಿಯಲ್ಲೇ ಬರೆದಿರುವ ಸಾಧನ ಬಿಟ್ಟರೆ ಉಳಿದವನ್ನು ಮಲಗುವ ಮುಂಚೆ ತೆಗೆಯಿರಿ. ಎಂಆರ್‌ಐ ಕೋಣೆಗೆ ಪ್ಯಾಡ್ ಸಮೇತ ಏನೂ ಹೋಗಬಾರದು. ಇಸಿಜಿ ತೆಗೆಯುವಾಗಲೂ ಆಫ್, ಇಲ್ಲದಿದ್ದರೆ ಗೆರೆಯ ತುಂಬ ಟೆನ್ಸ್‌ನ ಮಿಡಿತಗಳೇ.

ಪ್ಯಾಡ್ ಎಷ್ಟು ಸಲ ಬರುತ್ತದೆ?

15ರಿಂದ 30 ಸಲ. ಬೆವರು ಹೆಚ್ಚಿದ್ದರೆ ಇನ್ನೂ ಕಡಿಮೆ. ತೆಗೆಯುವಾಗ ಮೂಲೆ ಹಿಡಿದು ಸುಲಿಯಿರಿ, ತಂತಿ ಹಿಡಿದು ಎಳೆಯಬೇಡಿ. ಜೊತೆಗೆ ಬಂದ ಪ್ಲಾಸ್ಟಿಕ್ ಹಾಳೆಯ ನುಣುಪು ಬದಿಗೆ ಅಂಟಿಸಿ, ಜಿಪ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಬೇಡ. ಕೊಳ್ಳುವ ಮುಂಚೆ ಒಂದು ವಿಷಯ ವಿಚಾರಿಸಿ: ಪ್ಯಾಡ್ ಎಲ್ಲ ಕಡೆ ಸಿಗುವ 2 ಮಿ.ಮೀ. ಪಿನ್ ಅಥವಾ ಸಾದಾ ಸ್ನ್ಯಾಪ್ ಬಗೆಯದೋ, ಇಲ್ಲ ಆ ಕಂಪನಿಯದ್ದೇ ಬೇಕಾದ ಆಕಾರದ್ದೋ? ಎರಡನೆಯದಾದರೆ ಕಂಪನಿ ಪ್ಯಾಡ್ ನಿಲ್ಲಿಸಿದ ದಿನ ಸಾಧನ ಮೂಲೆ ಸೇರುತ್ತದೆ.

ನನಗೆ ಉಪಯೋಗವಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಎರಡು ವಾರ ಬರೆದಿಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಹಾಕುವ ಮುಂಚೆ, ಓಡುತ್ತಿರುವಾಗ, ತೆಗೆದ ಒಂದು ಗಂಟೆಗೆ, ಹೀಗೆ ಮೂರು ಅಂಕಿ. ಸುಮ್ಮನೆ ಕೂತಾಗಿನ ನೋವನ್ನಲ್ಲ, ಚಲನೆಯ ನೋವನ್ನು ಅಳೆಯಿರಿ: ಕುರ್ಚಿಯಿಂದ ಐದು ಸಲ ಎದ್ದು ಕೂತು ಆ ಕ್ಷಣದ ಅಂಕಿ ಬರೆಯಿರಿ. 301 ಮಹಿಳೆಯರು ಪಾಲ್ಗೊಂಡ ಫೈಬ್ರೋಮಯಾಲ್ಜಿಯಾ ಪ್ರಯೋಗವೊಂದರಲ್ಲೂ ಟೆನ್ಸ್‌ನ ಫಲವನ್ನು ಮುಖ್ಯವಾಗಿ ಅಳೆದದ್ದು ಚಲಿಸುವಾಗಿನ ನೋವಿನಲ್ಲೇ. ಓಡುತ್ತಿರುವಾಗ ಎರಡು ಅಂಕಿಯಷ್ಟು ಇಳಿದರೆ ಲೆಕ್ಕಕ್ಕೆ ಬರುವ ಇಳಿಕೆ. ಜಾಗ, ಹರ್ಟ್ಜ್, ಜೋರು ಮೂರನ್ನೂ ಬದಲಿಸಿ ನೋಡಿದ ಮೇಲೂ ಒಂದಂಕಿಯೂ ಅಲ್ಲಾಡದಿದ್ದರೆ ಹೊಸ ಪ್ಯಾಡಿಗೆ ದುಡ್ಡು ಸುರಿಯಬೇಡಿ.